ಅಳಿಲಿನ ಸಾವಿಗೂ ಲೆಕ್ಕ ಬೇಕು

ಕಾಡುಪ್ರಾಣಿಯೊಂದು ಸತ್ತು ಬಿದ್ದಿದೆಯೆಂಬ ಸುದ್ದಿ ಬಂದಾಗ ಪರಿಸರಾಸಕ್ತರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರು: ಗುಂಡೇಟೇ, ಉರುಳೇ, ವಿಷವೇ? ಈ ಮೂರೂ ಅಲ್ಲವೆಂದಾದರೆ ವಿಚಾರ ಅಲ್ಲಿಗೇ ಮುಗಿಯುತ್ತದೆ. ರೋಗದಿಂದ ಸತ್ತ ಪ್ರಾಣಿ ಸಹಜವಾಗಿ ಸತ್ತಿತೆಂದೇ ಎಲ್ಲರ ಭಾವನೆ. ಸತ್ತದ್ದು ಹುಲಿಯೋ ಆನೆಯೋ ಆಗಿದ್ದರೆ ಮರಣೋತ್ತರ ಪರೀಕ್ಷೆಯಾದರೂ ನಡೆದೀತು. ಅಳಿಲಿನಂಥ ಕಿರುಜೀವಿಯ ಹೆಣಕ್ಕೆ ಇರುವೆಗಳೇ ಪರೀಕ್ಷಕರು. ಆದರೆ ರೋಗದ ಸಾವೆಲ್ಲವೂ ಸಹಜವಲ್ಲ. ಎಷ್ಟೋ ಸಾವುಗಳ ಹಿಂದೆ ಕೋವಿ ಹಿಡಿಯದ, ಉರುಳು ಒಡ್ಡದ, ಆದರೂ ಹೊಣೆ ತಪ್ಪಿಸಿಕೊಳ್ಳಲಾಗದ ಮನುಷ್ಯನ ಕೈ ಇರುತ್ತದೆ. ಬ್ರಿಟನ್ನಿನ ಕೆಂಪು ಅಳಿಲುಗಳ ಕಥೆ ಇದಕ್ಕೆ ಸ್ಪಷ್ಟವಾದ ಸಾಕ್ಷಿ. ಅಳಿಲಿನ ಕಥೆಯೆಂದು ಮಲೆನಾಡಿಗರು ಇದನ್ನು ಹಗುರವಾಗಿ ಕಾಣುವಂತಿಲ್ಲ. ಅದರ ಪಾಠ ಇಲ್ಲಿಯ ಕಾಡಿನಂಚಿನ ಮನೆಗಳವರೆಗೂ ಬರುತ್ತದೆ.

ಇಲ್ಲಿ ಹೇಳುತ್ತಿರುವುದು ಸಹ್ಯಾದ್ರಿಯ ಕೆಂದಳಿಲಿನ ವಿಚಾರವಲ್ಲ. ಬ್ರಿಟನ್ನಿನಿಂದ ಮೊದಲ್ಗೊಂಡು ರಷ್ಯದ ಪೂರ್ವದ ತುದಿಯವರೆಗೂ ಹರಡಿರುವ, ಕಿವಿಯ ತುದಿಯಲ್ಲಿ ಕೂದಲ ಜುಟ್ಟು ಹೊತ್ತ, ಮುನ್ನೂರು ಗ್ರಾಂ ತೂಗುವ ಪುಟ್ಟ ಕೆಂಪು ಅಳಿಲು ಅದು. ಬ್ರಿಟನ್ನಿನ ಕಾಡುಗಳಿಗೆ ಸಾವಿರಾರು ವರ್ಷಗಳಿಂದ ಅದೊಂದೇ ಅಳಿಲು. 1876ರಲ್ಲಿ ಇಂಗ್ಲೆಂಡಿನ ಚೆಷೈರ್ ಪ್ರಾಂತ್ಯದ ಹೆನ್‌ಬರಿ ಪಾರ್ಕ್ ಎಂಬ ಎಸ್ಟೇಟಿನಲ್ಲಿ ಅಮೆರಿಕದಿಂದ ತಂದ ಬೂದು ಅಳಿಲುಗಳನ್ನು ಬಿಡಲಾಯಿತು. ದಾಖಲೆಯಲ್ಲಿ ಸಿಗುವ ಮೊದಲ ಬಿಡುಗಡೆ ಅದು. ಉದ್ದೇಶ ಬೇರೇನೂ ಇರಲಿಲ್ಲ; ಶ್ರೀಮಂತರ ಉದ್ಯಾನಗಳಿಗೆ ಅದೊಂದು ಅಲಂಕಾರ. ಅನಂತರ ಸುಮಾರು ಅರ್ಧ ಶತಮಾನದ ಕಾಲ ಬಗೆಬಗೆಯ ಊರುಗಳಲ್ಲಿ ಈ ಬಿಡುಗಡೆ ಮುಂದುವರಿಯಿತು. ಬೆಡ್‌ಫರ್ಡಿನ ಡ್ಯೂಕ್ ತನ್ನ ವೋಬರ್ನ್ ಎಸ್ಟೇಟಿನಿಂದ ಅಳಿಲುಗಳನ್ನು ಹಿಡಿಸಿ ಬೇರೆ ಬೇರೆ ಉದ್ಯಾನಗಳಿಗೆ ಕಳುಹಿಸಿದ. 1911ರಲ್ಲಿ ಐರ್ಲೆಂಡಿನ ಕ್ಯಾಸಲ್ ಫೋರ್ಬ್ಸ್‌ಗೆ ಅವು ಮದುವೆಯ ಉಡುಗೊರೆಯಾಗಿ ಹೋದವು. 1930ರ ದಶಕದಲ್ಲಿ ಸರ್ಕಾರ ಎಚ್ಚೆತ್ತು ಬೂದು ಅಳಿಲುಗಳನ್ನು ತರಿಸುವುದನ್ನೂ ಸಾಕುವುದನ್ನೂ ನಿಷೇಧಿಸುವ ಹೊತ್ತಿಗೆ ಅವು ಯಾರ ಅಪ್ಪಣೆಯನ್ನೂ ಕೇಳದೆ ಹಬ್ಬತೊಡಗಿದ್ದವು.

ಈಗಿನ ಸ್ಥಿತಿಯನ್ನು ಅಂಕಿಗಳೇ ಹೇಳುತ್ತವೆ. 2018ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಬ್ರಿಟನ್ನಿನಲ್ಲಿ ಬೂದು ಅಳಿಲುಗಳು ಸುಮಾರು 27 ಲಕ್ಷ. ಕೆಂಪು ಅಳಿಲುಗಳು 2 ಲಕ್ಷ 87 ಸಾವಿರ. ಆ ಕೆಂಪು ಅಳಿಲುಗಳಲ್ಲೂ 2 ಲಕ್ಷ 39 ಸಾವಿರ ಸ್ಕಾಟ್ಲೆಂಡಿನಲ್ಲೇ ಇವೆ. ಇಂಗ್ಲೆಂಡಿನಲ್ಲಿ ಉಳಿದಿರುವವು 39 ಸಾವಿರದ ಒಳಗೆ, ವೇಲ್ಸ್‌ನಲ್ಲಿ ಹತ್ತು ಸಾವಿರವೂ ಇಲ್ಲ. ಬೂದು ಅಳಿಲು ಹೆಚ್ಚುಕಡಿಮೆ ಎರಡು ಪಟ್ಟು ತೂಗುವ ಗಟ್ಟಿ ಪ್ರಾಣಿ. ಕೆಂಪು ಅಳಿಲಿಗೆ ಸರಿಯಾಗಿ ಅರಗದ ಓಕ್ ಬೀಜವನ್ನು ಅದು ಅರಗಿಸಿಕೊಳ್ಳುತ್ತದೆ. ಕೆಂಪು ಅಳಿಲು ಚಳಿಗಾಲಕ್ಕೆಂದು ಹೂತಿಟ್ಟದ್ದನ್ನೂ ಅಗೆದು ತಿನ್ನುತ್ತದೆ. ಹೊಟ್ಟೆಪಾಡಿನ ಪೈಪೋಟಿಯಲ್ಲಿ ದುರ್ಬಲವಾದದ್ದು ಸೋತಿತು, ಅಷ್ಟೇ ಎಂದು ಬಹುಕಾಲ ಎಲ್ಲರೂ ನಂಬಿದ್ದರು. ಆ ನಂಬಿಕೆ ಅರ್ಧ ಸತ್ಯ ಮಾತ್ರ.

ಕಣ್ಣಿಗೆ ಕಾಣದ ಸಹಪ್ರಯಾಣಿಕ

ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲೇ ಇಂಗ್ಲೆಂಡಿನ ಹಲವೆಡೆ ಕೆಂಪು ಅಳಿಲುಗಳು ಗುಂಪುಗುಂಪಾಗಿ ರೋಗ ತಗಲಿ ಸತ್ತ ದಾಖಲೆಗಳಿವೆ. ಕಾರಣವನ್ನು ಬಗೆದು ನೋಡುವ ಸಾಧನ ಆಗ ಇರಲಿಲ್ಲ. ನೋಡಬೇಕೆಂಬ ತವಕವೂ ಹೆಚ್ಚಿರಲಿಲ್ಲ. 1980ರ ಸುಮಾರಿಗೆ ಇಂಗ್ಲೆಂಡಿನ ಪೂರ್ವಭಾಗದಲ್ಲಿ ಸಿಕ್ಕ ಹೆಣವೊಂದರ ಹುಣ್ಣಿನ ತುಣುಕನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟಾಗ ಸಿಡುಬಿನ ಜಾತಿಯ ವೈರಾಣುವೊಂದು ಕಂಡಿತು. ಮೊದಲಿಗೆ ಅದನ್ನು ಕುರಿಗಳ ಬಾಯಿಹುಣ್ಣಿನ ವೈರಾಣುವಿನ ಬಳಗಕ್ಕೆ ಸೇರಿಸಿದರು. ಮುಂದೆ ಅದರ ವಂಶವಾಹಿಯನ್ನು ಪೂರ್ತಿಯಾಗಿ ಓದಿದ ಮೇಲೆ ಅದು ತನ್ನದೇ ಬೇರೆ ಕವಲಿಗೆ ಸೇರಿದ್ದೆಂದು ತಿಳಿಯಿತು. ಅದನ್ನೇ ಈಗ ಅಳಿಲು ಸಿಡುಬಿನ ವೈರಾಣು ಎನ್ನುತ್ತಾರೆ.

ಈ ರೋಗ ತಗಲಿದ ಕೆಂಪು ಅಳಿಲಿನ ಕಣ್ಣು, ಮೂಗು, ಬಾಯಿ, ಬೆರಳುಗಳ ಸುತ್ತ ಹುಣ್ಣೇಳುತ್ತದೆ. ಹುಣ್ಣಿನ ಮೇಲೆ ದಪ್ಪ ಹಕ್ಕಳೆ ಕಟ್ಟಿ ಕಣ್ಣು ಮುಚ್ಚಿಹೋಗುತ್ತದೆ. ಮರ ಹತ್ತಲಾರದೆ, ಕಾಯಿ ಬಿಡಿಸಲಾರದೆ, ನೀರು ಕುಡಿಯಲಾರದೆ ಅದು ನೆಲದ ಮೇಲೆ ತತ್ತರಿಸುತ್ತದೆ. ಸಾಮಾನ್ಯವಾಗಿ ಎರಡು ವಾರ ಕಳೆಯುವುದರೊಳಗೆ ಸಾವು. ಇದೇ ವೈರಾಣು ಬೂದು ಅಳಿಲಿನ ಮೈಯಲ್ಲಿದ್ದರೆ ಅದಕ್ಕೆ ಹೆಚ್ಚಿನ ಬಾಧೆಯೇ ಇಲ್ಲ. 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಆರೋಗ್ಯವಂತ ಬೂದು ಅಳಿಲುಗಳ ರಕ್ತವನ್ನು ಪರೀಕ್ಷಿಸಿ, ಅವುಗಳಲ್ಲಿ ಶೇಕಡಾ 61ರಲ್ಲಿ ಈ ವೈರಾಣುವಿನ ವಿರುದ್ಧದ ಪ್ರತಿಕಾಯಗಳಿವೆಯೆಂದು ತೋರಿಸಿತು. ಕೆಂಪು ಅಳಿಲುಗಳಲ್ಲಿ ಆ ಪ್ರಮಾಣ ಶೇಕಡಾ 3ರ ಆಸುಪಾಸು. ಎರಡು ವರ್ಷಗಳ ಬಳಿಕ ಪ್ರಯೋಗಾಲಯದಲ್ಲಿ ಎರಡೂ ಜಾತಿಗಳಿಗೆ ಸೋಂಕು ತಗಲಿಸಿ ನೋಡಿದಾಗ ಕೆಂಪು ಅಳಿಲುಗಳು ಮಾತ್ರ ಕಾಯಿಲೆ ಬಿದ್ದವು.

ಇದರ ಅರ್ಥ ಸರಳ. ಬೂದು ಅಳಿಲು ತನ್ನ ತವರಿನಿಂದ ಬರುವಾಗ ಒಂಟಿಯಾಗಿ ಬರಲಿಲ್ಲ. ತನ್ನ ಮೈಯಲ್ಲಿ ಹಳೆಯ ಸಹವಾಸಿಯೊಂದನ್ನು ಕರೆತಂದಿತು. ಎಷ್ಟೋ ಕಾಲದ ಒಡನಾಟದಿಂದ ಆ ಪ್ರಾಣಿಗೂ ವೈರಾಣುವಿಗೂ ಒಂದು ಬಗೆಯ ಒಪ್ಪಂದವಾಗಿತ್ತು. ಆ ಒಪ್ಪಂದದಲ್ಲಿ ಕೆಂಪು ಅಳಿಲು ಪಾಲುದಾರನಾಗಿರಲಿಲ್ಲ. 2006ರಲ್ಲಿ ಸಂಶೋಧಕರು ಮಾಡಿದ ಲೆಕ್ಕಾಚಾರದಂತೆ, ಬರಿಯ ಪೈಪೋಟಿಯಿರುವ ಕಡೆಗಿಂತ ಈ ರೋಗವೂ ಜೊತೆಗಿರುವ ಕಡೆ ಕೆಂಪು ಅಳಿಲಿನ ಅವನತಿ 17ರಿಂದ 25 ಪಟ್ಟು ವೇಗವಾಗಿ ನಡೆಯುತ್ತದೆ. 1948ರಲ್ಲಿ ಇಟಲಿಗೂ ಬೂದು ಅಳಿಲುಗಳನ್ನು ಒಯ್ದಿದ್ದರು. ಅಲ್ಲಿಯ ಅಳಿಲುಗಳಲ್ಲಿ ಹುಡುಕಿದಾಗ ಈ ವೈರಾಣು ಸಿಗಲಿಲ್ಲ. ಅಲ್ಲಿಯೂ ಕೆಂಪು ಅಳಿಲು ಹಿಮ್ಮೆಟ್ಟುತ್ತಿದೆ, ನಿಜ. ಆದರೆ ಬ್ರಿಟನ್ನಿನಲ್ಲಿ ಸಿಡುಬು ಎದ್ದ ಕಾಡುಗಳಲ್ಲಿ ಆದಂತೆ ಒಂದೆರಡು ಋತುಗಳಲ್ಲಿ ಕಾಡು ಬರಿದಾಗುವ ದುರಂತ ಅಲ್ಲಿಲ್ಲ.

ಆ ದುರಂತದ ಪ್ರಮಾಣವನ್ನು ಲಿವರ್‌ಪೂಲ್ ಬಳಿಯ ಸೆಫ್ಟನ್ ಕಡಲತೀರದ ಪೈನ್ ತೋಪುಗಳು ಕಂಡಿವೆ. 2007-08ರಲ್ಲಿ ಅಲ್ಲಿ ರೋಗ ಎದ್ದಾಗ ಶೇಕಡಾ 80ಕ್ಕೂ ಹೆಚ್ಚು ಕೆಂಪು ಅಳಿಲುಗಳು ಇಲ್ಲವಾದವು. ಸ್ಕಾಟ್ಲೆಂಡಿನ ದಕ್ಷಿಣದ ಗಡಿಯಲ್ಲಿ 2007ರಲ್ಲಿ, ಐರ್ಲೆಂಡಿನಲ್ಲಿ 2011ರಲ್ಲಿ ರೋಗ ಖಚಿತವಾಯಿತು. ಆದರೆ ಸೆಫ್ಟನ್ನಿನ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಉಳಿದ ಕೆಲವೇ ಅಳಿಲುಗಳಿಂದ ಸಂತತಿ ಮತ್ತೆ ಚಿಗುರಿತು. ಸೋಂಕನ್ನು ಗೆದ್ದು ಬದುಕಿದ ಗುರುತು ಕೆಲವು ಅಳಿಲುಗಳ ರಕ್ತದಲ್ಲಿ ಸಿಕ್ಕಿತು. ಕೆಂಪು ಅಳಿಲುಗಳಷ್ಟೇ ಇರುವ ಕಾಡಿನಲ್ಲಿ ವೈರಾಣು ಬಹುಕಾಲ ನಿಲ್ಲಲಾರದು. ತಾನು ಆಶ್ರಯಿಸಿದ ಜೀವಿಗಳನ್ನೆಲ್ಲ ಬೇಗನೆ ಕೊಂದು ತಾನೂ ನಂದಿಹೋಗುತ್ತದೆ. ಪಕ್ಕದ ತೋಪಿನಲ್ಲಿ ಬೂದು ಅಳಿಲುಗಳಿದ್ದರೆ ಮಾತ್ರ ಕಿಡಿ ಮತ್ತೆ ಮತ್ತೆ ಹಾರುತ್ತದೆ. ಹಿತ್ತಿಲಲ್ಲಿ ಅಳಿಲುಗಳಿಗೆಂದು ತೂಗುಹಾಕುವ ಕಾಳಿನ ಪೆಟ್ಟಿಗೆಗಳೂ ಎರಡೂ ಜಾತಿಗಳ ಮುಖ ಒಂದೇ ಕಡೆ ತಾಗುವಂತೆ ಮಾಡಿ ಸೋಂಕಿಗೆ ದಾರಿಯಾಗುತ್ತವೆ. ರೋಗ ಕಂಡ ಕೂಡಲೇ ಆ ಪೆಟ್ಟಿಗೆಗಳನ್ನು ಇಳಿಸಿ ತೊಳೆಯಿರೆಂದು ಅಲ್ಲಿಯ ಸಂರಕ್ಷಣಾ ಗುಂಪುಗಳು ಮನೆಮನೆಗೆ ಹೇಳುತ್ತಿವೆ. ಪ್ರೀತಿಯಿಂದ ಇಟ್ಟ ತುತ್ತೂ ಕೆಲವೊಮ್ಮೆ ಸಾವಿನ ದಾರಿಯಾಗುತ್ತದೆಯೆಂಬುದು ಕಹಿಯಾದರೂ ಸತ್ಯ.

ಕೊಲ್ಲುವುದೇ ಪರಿಹಾರವೇ?

ಹಾಗಾದರೆ ಬೂದು ಅಳಿಲುಗಳನ್ನೆಲ್ಲ ಕೊಂದುಬಿಡಬೇಕೇ? ಬ್ರಿಟನ್ನಿನಲ್ಲಿ ಈ ಪ್ರಶ್ನೆ ದಶಕಗಳಿಂದ ಜನರನ್ನು ಎರಡು ಪಾಳೆಯಗಳಾಗಿ ಒಡೆದಿದೆ. ಒಂದು ಪಾಳೆಯಕ್ಕೆ ಬೂದು ಅಳಿಲು ಪರದೇಶಿ, ಆಕ್ರಮಣಕಾರ, ರೋಗದ ಮೂಟೆ. ಇನ್ನೊಂದು ಪಾಳೆಯಕ್ಕೆ ಅದು ನಗರದ ಮಕ್ಕಳು ಕಾಣಬಲ್ಲ ಒಂದೇ ಒಂದು ಕಾಡುಪ್ರಾಣಿ. ಅದನ್ನು ಬೋನಿಗೆ ಹಾಕಿ ಕೊಲ್ಲುವುದು ಕ್ರೌರ್ಯ. ಎರಡೂ ಪಾಳೆಯಗಳು ಚರಿತ್ರೆಯನ್ನು ಮರೆತಿವೆ.

ಇಂದು ನಾಡಿನ ಕಣ್ಮಣಿಯೆನಿಸಿದ ಕೆಂಪು ಅಳಿಲನ್ನೇ ನೂರು ವರ್ಷಗಳ ಹಿಂದೆ ಪೀಡೆಯೆಂದು ಕರೆದಿದ್ದರು. ಮರದ ತೊಗಟೆ ಸುಲಿಯುತ್ತದೆ, ನೆಡುತೋಪು ಹಾಳುಮಾಡುತ್ತದೆ ಎಂಬ ಆರೋಪದ ಮೇಲೆ 1903ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಹೈಲ್ಯಾಂಡ್ ಸ್ಕ್ವಿರಲ್ ಕ್ಲಬ್ಬು ಕೆಲವು ದಶಕಗಳಲ್ಲಿ ಸುಮಾರು ಒಂದು ಲಕ್ಷ ಕೆಂಪು ಅಳಿಲುಗಳನ್ನು ಕೊಂದಿತು. 1950ರ ದಶಕದಲ್ಲಿ ಸರದಿ ಬೂದು ಅಳಿಲಿನದಾಯಿತು. ಬಾಲವೊಂದಕ್ಕೆ ಒಂದು ಶಿಲಿಂಗ್ ಇನಾಮು ಕೊಡುವ ಯೋಜನೆಯನ್ನು ಸರ್ಕಾರ ಜಾರಿಗೆ ತಂದಿತು. ಬಾಲಗಳು ರಾಶಿ ಬಿದ್ದವು, ಹಣ ಖರ್ಚಾಯಿತು, ಅಳಿಲು ಮಾತ್ರ ಹಬ್ಬುತ್ತಲೇ ಹೋಯಿತು. ಗುರಿಯಿಲ್ಲದ, ಎಣಿಕೆಯಿಲ್ಲದ, ದ್ವೇಷದಿಂದ ನಡೆಯುವ ಬೇಟೆ ಸಂರಕ್ಷಣೆಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಹಾಗೆಂದು ಏನನ್ನೂ ಮಾಡದೆ ಕೈಕಟ್ಟಿ ಕೂರುವುದೂ ಅಹಿಂಸೆಯಲ್ಲ. ಕೆಂಪು ಅಳಿಲು ಕಣ್ಣುಮುಚ್ಚಿ ಹುಣ್ಣಾಗಿ ಸಾಯುವುದನ್ನು ನೋಡುತ್ತಾ ಪ್ರಕೃತಿಯ ಇಚ್ಛೆ ಎನ್ನುವುದು ಸುಳ್ಳು. ಅದು ಪ್ರಕೃತಿಯ ಇಚ್ಛೆಯಾಗಿರಲಿಲ್ಲ. ಎಸ್ಟೇಟಿನ ಒಡೆಯರ ಇಚ್ಛೆಯಾಗಿತ್ತು. ವೇಲ್ಸ್‌ನ ಆಂಗ್ಲ್‌ಸೀ ದ್ವೀಪದಲ್ಲಿ 1998ರಲ್ಲಿ ಕೆಲಸ ಆರಂಭವಾದಾಗ ಕೆಂಪು ಅಳಿಲುಗಳು ಉಳಿದಿದ್ದುದು ನಲವತ್ತರಷ್ಟು. ಹದಿನೈದು ವರ್ಷಗಳ ಕಾಲ ಒಂದೊಂದು ತೋಪನ್ನೂ ಲೆಕ್ಕವಿಟ್ಟು, ರಕ್ತ ಪರೀಕ್ಷಿಸಿ, ಬೂದು ಅಳಿಲುಗಳನ್ನು ಕ್ರಮವಾಗಿ ತೆಗೆಯಲಾಯಿತು. ಅವುಗಳ ಸಂಖ್ಯೆ ಇಳಿದಂತೆಲ್ಲ ಉಳಿದವುಗಳಲ್ಲಿ ಸೋಂಕಿನ ಗುರುತೂ ಕುಸಿಯುತ್ತಾ ಬಂದಿತು. ಇಂದು ಆ ದ್ವೀಪದಲ್ಲಿ ಕೆಂಪು ಅಳಿಲುಗಳು ನೂರಾರು ಸಂಖ್ಯೆಯಲ್ಲಿವೆ. ಆದರೆ ಆ ಗೆಲುವು ಎಷ್ಟು ನಾಜೂಕಿನದೆಂಬುದು 2020-21ರಲ್ಲಿ ತಿಳಿಯಿತು: ದ್ವೀಪಕ್ಕೆ ಎದುರಾಗಿ, ಕಿರಿದಾದ ಜಲಸಂಧಿಯ ಆಚೆ ದಡದಲ್ಲಿರುವ ಬ್ಯಾಂಗರ್ ಸುತ್ತಲಿನ ಕಾಡಿನಲ್ಲಿ ಸಿಡುಬು ಎದ್ದು ಅಲ್ಲಿಯ ಬಹುಪಾಲು ಕೆಂಪು ಅಳಿಲುಗಳು ಸತ್ತವು.

ಲಸಿಕೆಯ ಮಾತೂ ಆಗಾಗ ಕೇಳಿಬರುತ್ತದೆ. ಸ್ಕಾಟ್ಲೆಂಡಿನ ಮೊರೆಡನ್ ಸಂಶೋಧನಾ ಸಂಸ್ಥೆ ವರ್ಷಗಟ್ಟಲೆ ಅದಕ್ಕಾಗಿ ಶ್ರಮಿಸಿತು. ಕಾಡಿನಲ್ಲಿ ಬಳಸಬಲ್ಲ ಲಸಿಕೆ ಮಾತ್ರ ಬಳಕೆಗೆ ಬರಲಿಲ್ಲ. ಮರದಿಂದ ಮರಕ್ಕೆ ಜಿಗಿಯುವ ಪ್ರಾಣಿಯನ್ನು ಹಿಡಿದು ಚುಚ್ಚುವುದು ಸುಲಭವೂ ಅಲ್ಲ. ಬೋನಿನಲ್ಲಿ ಸಾಕಿ ಬೆಳೆಸಿ ಕಾಡಿಗೆ ಬಿಡುವ ಯೋಜನೆಗಳಿಗೂ ರೋಗದ ಕಾಟ ತಪ್ಪಿಲ್ಲ: ಹಾಗೆ ಸಾಕಿದ ಕೆಂಪು ಅಳಿಲುಗಳಲ್ಲೇ ಅಡಿನೋವೈರಾಣುವಿನ ಸೋಂಕು ಹೊಟ್ಟೆಗೆ ತಗಲಿ ಸಾವುಗಳಾಗಿವೆ. ಬೂದು ಅಳಿಲೇ ಇಲ್ಲದ ಬ್ರೌನ್‌ಸೀ ದ್ವೀಪದ ಅಳಿಲುಗಳಲ್ಲಿ ಕುಷ್ಠದ ಬ್ಯಾಕ್ಟೀರಿಯ ಇರುವುದು 2016ರಲ್ಲಿ ಬೆಳಕಿಗೆ ಬಂದಿತು. ಒಂದು ಶತ್ರುವನ್ನು ಹೊರಗಿಟ್ಟ ಮಾತ್ರಕ್ಕೆ ಚೂರುಚೂರಾದ ಸಂತತಿ ಸುರಕ್ಷಿತವಾಗದು.

ಈ ನಿರಾಶೆಯ ನಡುವೆ ಆಶೆಯ ಸುದ್ದಿ ಬಂದದ್ದು ಪ್ರಯೋಗಾಲಯದಿಂದಲ್ಲ, ಕಾಡಿನಿಂದಲೇ. ಪೈನ್ ಮಾರ್ಟೆನ್ ಎಂಬ, ಮುಂಗುಸಿಗಿಂತ ತುಸು ದೊಡ್ಡದಾದ ಬೇಟೆಗಾರ ಪ್ರಾಣಿಯನ್ನು ಬ್ರಿಟನ್ ಹಾಗೂ ಐರ್ಲೆಂಡಿನ ಜನ ಕೊಂದು ಕೊಂದು ಮೂಲೆಗೆ ಸೇರಿಸಿದ್ದರು. ಸಹ್ಯಾದ್ರಿಯ ನೀಲಗಿರಿ ಮಾರ್ಟೆನ್ನಿಗೆ ಅದು ದಾಯಾದಿ. ಕಾನೂನಿನ ರಕ್ಷಣೆ ಸಿಕ್ಕಿ ಅದು ಚೇತರಿಸಿಕೊಂಡಾಗ ಒಂದು ಅಚ್ಚರಿ ನಡೆಯಿತು. 2014ರಲ್ಲಿ ಐರ್ಲೆಂಡಿನಿಂದಲೂ 2018ರಲ್ಲಿ ಸ್ಕಾಟ್ಲೆಂಡಿನಿಂದಲೂ ಬಂದ ಅಧ್ಯಯನಗಳು, ಮಾರ್ಟೆನ್ ಹೆಚ್ಚಿದ ಕಾಡುಗಳಲ್ಲಿ ಬೂದು ಅಳಿಲು ಕಡಿಮೆಯಾಗಿ ಕೆಂಪು ಅಳಿಲು ಮರಳುತ್ತಿರುವುದನ್ನು ತೋರಿಸಿದವು. ಕೆಂಪು ಅಳಿಲು ಈ ಬೇಟೆಗಾರನೊಂದಿಗೆ ಸಾವಿರಾರು ವರ್ಷ ಬಾಳಿದೆ. ಬೂದು ಅಳಿಲಿಗೆ ಅದರ ಪರಿಚಯವೇ ಇಲ್ಲ. ಯಾವ ಇನಾಮಿಗೂ ಆಗದ ಕೆಲಸವನ್ನು ಕಾಡು ತನ್ನ ಕಳೆದುಹೋದ ಕೊಂಡಿಯೊಂದು ಮರಳಿದ ಮಾತ್ರಕ್ಕೆ ಮಾಡತೊಡಗಿದೆ. ರೋಗಕ್ಕೆ ಮದ್ದು ಯಾವಾಗಲೂ ಸೂಜಿಮೊನೆಯಲ್ಲೇ ಇರುವುದಿಲ್ಲ. ಕೆಲವೊಮ್ಮೆ ಇಡಿಯಾದ ಕಾಡಿನಲ್ಲಿ ಇರುತ್ತದೆ.

ಸಾಕುವ ಚಪಲ, ಸಾಗಿಸುವ ವ್ಯಾಪಾರ

ಅಳಿಲುಗಳ ವೈರಾಣು ಮನುಷ್ಯನನ್ನು ಮುಟ್ಟಿದ ಪ್ರಸಂಗಗಳೂ ಇವೆ. ಅವುಗಳ ಮೂಲವನ್ನು ಹುಡುಕಿದರೆ ಸಿಗುವುದೂ ಅದೇ ಹಳೆಯ ಚಾಳಿ. ಜರ್ಮನಿಯ ಸ್ಯಾಕ್ಸನಿ-ಅನ್‌ಹಾಲ್ಟ್ ಪ್ರಾಂತ್ಯದಲ್ಲಿ 2011ರಿಂದ 2013ರ ನಡುವೆ ಮೂವರು ವೃದ್ಧರು ಮಿದುಳಿನ ಉರಿಯೂತದಿಂದ ತೀರಿಕೊಂಡರು. ಮೂವರೂ ಮಧ್ಯ ಅಮೆರಿಕದ ಬಣ್ಣಬಣ್ಣದ ಅಳಿಲೊಂದನ್ನು ಹವ್ಯಾಸಕ್ಕಾಗಿ ಸಾಕಿ ತಳಿ ಬೆಳೆಸುತ್ತಿದ್ದವರು. ಅಂಥ ಅಳಿಲಿನಲ್ಲೂ ಮೃತರ ಮಿದುಳಿನಲ್ಲೂ ಸಿಕ್ಕಿದ್ದು ಒಂದೇ ಹೊಸ ಬೋರ್ನಾವೈರಾಣು ಎಂಬ ವರದಿ 2015ರಲ್ಲಿ ಪ್ರಕಟವಾಯಿತು. ಮೃಗಾಲಯದಲ್ಲಿ ಆಗ್ನೇಯ ಏಷ್ಯದ ಅಳಿಲುಗಳ ಆರೈಕೆ ಮಾಡುತ್ತಿದ್ದ ಕೆಲಸಗಾರರೊಬ್ಬರ ಸಾವಿಗೂ ಅದೇ ವೈರಾಣು ಕಾರಣವೆಂದು ಮುಂದೆ ತಿಳಿಯಿತು.

2003ರಲ್ಲಿ ಅಮೆರಿಕದಲ್ಲಿ ನಡೆದದ್ದು ಇನ್ನೊಂದು. ಸಾಕುಪ್ರಾಣಿಗಳ ವ್ಯಾಪಾರಕ್ಕೆಂದು ಆಫ್ರಿಕದ ಘಾನಾದಿಂದ ವಿಮಾನದಲ್ಲಿ ಬಂದ ನೂರಾರು ಸಣ್ಣ ಪ್ರಾಣಿಗಳಲ್ಲಿ ದೊಡ್ಡ ಇಲಿಗಳೂ ಅಳಿಲುಗಳೂ ಇದ್ದವು. ಅವನ್ನು ಪ್ರೇರಿ ನಾಯಿಗಳ ಬಳಿ ಇರಿಸಿದರು. ಹೆಸರಿಗೆ ನಾಯಿಯಾದರೂ ಅವು ನೆಲದಲ್ಲಿ ಬಿಲ ತೋಡಿ ಬಾಳುವ, ಅಳಿಲಿನ ಕುಟುಂಬದ ಪ್ರಾಣಿಗಳು. ಅವುಗಳ ಮೂಲಕ ಮಂಗನ ಸಿಡುಬಿನ ಸೋಂಕು ಆರು ರಾಜ್ಯಗಳ 47 ಜನರಿಗೆ ತಗಲಿತು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. ಅಂದಹಾಗೆ ಆ ರೋಗದ ಹೆಸರಿನಲ್ಲಿ ಮಂಗವಿದ್ದರೂ ಅದು ತಲೆತಲಾಂತರದಿಂದ ಉಳಿದುಬಂದಿರುವುದು ಆಫ್ರಿಕದ ಕಾಡಿನ ಅಳಿಲು-ಇಲಿಗಳಂಥ ದಂಶಕಗಳಲ್ಲಿ ಎಂಬುದು ವಿಜ್ಞಾನಿಗಳ ಬಲವಾದ ಅನುಮಾನ. 1985ರಲ್ಲಿ ಈಗಿನ ಕಾಂಗೋದಲ್ಲಿ ಕಾಯಿಲೆ ಬಿದ್ದ ಕಾಡಿನ ಅಳಿಲೊಂದರಿಂದಲೇ ಆ ವೈರಾಣುವನ್ನು ಬೇರ್ಪಡಿಸಿದ್ದರು.

ಈ ಸುದ್ದಿಗಳನ್ನು ಓದಿ ಅಳಿಲನ್ನು ಕಂಡರೆ ಹೆದರಬೇಕೆಂದು ತಿಳಿಯುವುದು ತಪ್ಪು. ಮರದ ಮೇಲಿನ ಅಳಿಲು ಯಾರ ಮನೆಯನ್ನೂ ಹುಡುಕಿಕೊಂಡು ಹೋಗಿರಲಿಲ್ಲ. ಅದನ್ನು ಹಿಡಿದು, ಪೆಟ್ಟಿಗೆಯಲ್ಲಿ ತುಂಬಿ, ಸಮುದ್ರ ದಾಟಿಸಿ, ಬೇರೊಂದು ಪ್ರಾಣಿಯ ಪಕ್ಕದಲ್ಲಿ ಇಟ್ಟವನು ಮನುಷ್ಯ. 1876ರ ಉದ್ಯಾನದ ಶೋಕಿಗೂ 2003ರ ಪೆಟ್ಟಿಗೆಯ ವ್ಯಾಪಾರಕ್ಕೂ ನಡುವೆ ವರ್ಷಗಳ ಅಂತರವಿದೆಯೇ ಹೊರತು ಬುದ್ಧಿಯ ಅಂತರವಿಲ್ಲ.

ಮಲೆನಾಡಿಗೆ ಹತ್ತಿರದ ಮಾತು

ಹೊರಗಿನವರಿಗೆ ಹೊಸದೆನಿಸುವ ಈ ಪಾಠವನ್ನು ಮಲೆನಾಡು ಏಳು ದಶಕಗಳ ಹಿಂದೆಯೇ ಕಲಿಯಬೇಕಾಗಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮುಸಿಯ, ಮಂಗಗಳು ಸತ್ತು ಬೀಳತೊಡಗಿದವು. ಹಿಂದೆಯೇ ಜನರಿಗೂ ಜ್ವರ ಬಂತು. ಅದೇ ಇಂದಿಗೂ ಕಾಡುತ್ತಿರುವ ಮಂಗನ ಕಾಯಿಲೆ. ಅದರ ವೈರಾಣು ಉಣುಗುಗಳ ಮೂಲಕ ಸಾಗುವ ದಾರಿಯಲ್ಲಿ ಮಂಗಗಳಷ್ಟೇ ಅಲ್ಲ, ಕಾಡಿನ ಇಲಿ, ಸೊಂಡಿಲಿ, ಪಟ್ಟೆ ಅಳಿಲುಗಳಂಥ ಕಿರುಜೀವಿಗಳೂ ಇವೆಯೆಂದು ಆರಂಭದ ದಶಕಗಳ ಸಂಶೋಧನೆಗಳೇ ತೋರಿಸಿದ್ದವು. ಕಾಡು ಕಡಿದು ಗದ್ದೆ-ತೋಟ ಹಬ್ಬಿಸಿ, ದನ ಮೇಯಿಸುವ ಎಡೆ ಹೆಚ್ಚಿದಂತೆ ಉಣುಗು ಹೆಚ್ಚಿತೆಂಬ ವಿವರಣೆಯನ್ನು ಬೊಶೆಲ್ ಎಂಬ ವಿಜ್ಞಾನಿ 1969ರಲ್ಲೇ ಮುಂದಿಟ್ಟಿದ್ದರು. ಆದರೂ 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವು ಜೀವಗಳು ಹೋದವು. ಬಹುಕಾಲ ನೆಚ್ಚಿಕೊಂಡಿದ್ದ ಹಳೆಯ ಲಸಿಕೆಯನ್ನು 2022ರಲ್ಲಿ ನಿಷ್ಪ್ರಯೋಜಕವೆಂದು ಕೈಬಿಡಬೇಕಾಯಿತು.

ಬ್ರಿಟನ್ನಿನ ಅಳಿಲಿಗೂ ಕ್ಯಾಸನೂರಿನ ಮಂಗಕ್ಕೂ ರೋಗ ಬೇರೆ, ಕಾಡು ಬೇರೆ. ಎಚ್ಚರಿಕೆ ಮಾತ್ರ ಒಂದೇ. ಮೊದಲನೆಯದು, ಕಾಡುಪ್ರಾಣಿಯನ್ನು ಒಂದೆಡೆಯಿಂದ ಹಿಡಿದು ಇನ್ನೊಂದೆಡೆ ಬಿಡುವ ಸುಲಭೋಪಾಯವನ್ನು ನಿಲ್ಲಿಸಬೇಕು. ಊರಿಗೆ ಕಾಟ ಕೊಡುವ ಮಂಗಗಳನ್ನು ಬೋನಿನಲ್ಲಿ ತುಂಬಿ ರಾತ್ರೋರಾತ್ರಿ ದೂರದ ಕಾಡಿಗೆ ಇಳಿಸಿ ಬರುವ ರೂಢಿ ಮಲೆನಾಡಿನಲ್ಲಿ ಉಂಟು. ಅಡಿಕೆ, ಬಾಳೆ, ಏಲಕ್ಕಿ ಕಳೆದುಕೊಂಡ ಬೆಳೆಗಾರನ ಸಂಕಟ ಸುಳ್ಳಲ್ಲ; ಅವನಿಗೆ ತಕ್ಕ ಪರಿಹಾರ ಸಿಗಲೇಬೇಕು. ಆದರೆ ಬೋನಿನೊಳಗೆ ಮಂಗದ ಜೊತೆ ಅದರ ಉಣುಗೂ ವೈರಾಣುವೂ ಹೋಗುತ್ತವೆ. ಒಂದು ಊರಿನ ಉಪದ್ರವ ಇನ್ನೊಂದು ಊರಿನ ಜ್ವರವಾಗಬಾರದು.

ಎರಡನೆಯದು, ಸಾವಿನ ಲೆಕ್ಕ. ಮಂಗ ಸತ್ತ ಸುದ್ದಿಯನ್ನು ಆರೋಗ್ಯ ಇಲಾಖೆಗೆ ಮುಟ್ಟಿಸುವ ಅಭ್ಯಾಸ ಮಲೆನಾಡಿನ ಹಳ್ಳಿಗಳಿಗೆ ಬಂದಿದೆ. ಅದರಿಂದ ಜೀವಗಳು ಉಳಿದಿವೆ. ಆದರೆ ಅಲ್ಲಿ ಮಂಗವು ಮನುಷ್ಯನಿಗೆ ಬರಲಿರುವ ಅಪಾಯದ ಗಂಟೆ ಮಾತ್ರ. ಮಂಗದ ಸಂತತಿಗೇ ಏನಾಯಿತು, ಕೆಂದಳಿಲು, ಹಾರುಬೆಕ್ಕು, ಸಿಂಗಳೀಕಗಳ ನಡುವೆ ಯಾವ ರೋಗ ಸುಳಿಯುತ್ತಿದೆ ಎಂದು ಕೇಳುವವರು ವಿರಳ. ಅರಣ್ಯ ಇಲಾಖೆಯ ಗಣತಿಯಲ್ಲಿ ಬದುಕಿದ ಪ್ರಾಣಿಗಳಿಗೆ ಅಂಕಣವಿದೆ. ಸತ್ತ ಕಿರುಪ್ರಾಣಿಗಳಿಗೂ ಒಂದು ಅಂಕಣವಿರಬೇಕು. ಅಸಹಜವಾಗಿ ಕಂಡ ಹೆಣವನ್ನು ಬರಿಗೈಯಲ್ಲಿ ಮುಟ್ಟದೆ, ಸ್ಥಳ ಹಾಗೂ ದಿನ ಗುರುತಿಸಿ ತಿಳಿಸುವ ಕೆಲಸವನ್ನು ಗ್ರಾಮ ಅರಣ್ಯ ಸಮಿತಿಗಳು, ಶಾಲೆಗಳು, ಪರಿಸರ ಸಂಘಗಳು ವಹಿಸಿಕೊಳ್ಳಬಹುದು. ಅದನ್ನು ಪರೀಕ್ಷಿಸಿ ಉತ್ತರ ಹೇಳಬಲ್ಲ ಪಶುವೈದ್ಯ ವ್ಯವಸ್ಥೆ ಕಾಡಿನ ಸಮೀಪದಲ್ಲೇ ಇರಬೇಕು.

ಮೂರನೆಯದು, ಎಲ್ಲಕ್ಕಿಂತ ಮೂಲವಾದದ್ದು, ಕಾಡನ್ನು ತುಂಡು ಮಾಡದಿರುವುದು. ಮರದ ನೆತ್ತಿಯಿಂದ ನೆತ್ತಿಗೆ ದಾಟುವ ಕೆಂದಳಿಲಿಗೆ ಅಗಲವಾದ ಒಂದು ರಸ್ತೆಯೇ ಸಮುದ್ರ. ತುಂಡಾದ ಕಾಡಿನಲ್ಲಿ ಸಿಕ್ಕಿಕೊಂಡ ಸಣ್ಣ ಸಂತತಿಗೆ ರೋಗ ತಗಲಿದರೆ ಮತ್ತೆ ಚಿಗುರಲು ಪಕ್ಕದಿಂದ ಬರುವ ಬೀಜವೇ ಇರುವುದಿಲ್ಲ. ಸೆಫ್ಟನ್ನಿನ ತೋಪು ಉಳಿದ ಕೆಲವು ಜೀವಗಳಿಂದ ಚೇತರಿಸಿಕೊಂಡಿತು. ಎಲ್ಲ ತೋಪುಗಳಿಗೂ ಆ ಭಾಗ್ಯ ಇರಲಿಲ್ಲ.

ಬ್ರಿಟನ್ನಿನಲ್ಲಿ ಬೂದು ಅಳಿಲನ್ನು ಬಿಟ್ಟದ್ದಕ್ಕೂ ಅದು ತಂದ ವೈರಾಣುವನ್ನು ಕಂಡದ್ದಕ್ಕೂ ನಡುವೆ ಕಳೆದದ್ದು ನೂರಕ್ಕೂ ಹೆಚ್ಚು ವರ್ಷ. ಅಷ್ಟು ಕಾಲವೂ ಅಳಿಲುಗಳು ಸಾಯುತ್ತಲೇ ಇದ್ದವು, ಯಾರೂ ಅವುಗಳ ಹುಣ್ಣನ್ನು ನೋಡಲಿಲ್ಲ. ಇಂದು ಅಲ್ಲಿ ಕೋಟಿಗಟ್ಟಲೆ ಹಣ, ಸಾವಿರಾರು ಸ್ವಯಂಸೇವಕರ ಬೆವರು, ಲಕ್ಷಾಂತರ ಅಳಿಲುಗಳ ಜೀವ, ಇವೆಲ್ಲವೂ ಆ ಒಂದು ಅಲಕ್ಷ್ಯದ ಬಡ್ಡಿಯಾಗಿ ಸಂದಾಯವಾಗುತ್ತಿವೆ. ಸಹ್ಯಾದ್ರಿಯ ಕಾಡು ಅಂಥ ಸಾಲವನ್ನು ಹೊರಲಾರದು. ಹೊರುವ ಮೊದಲೇ ಎಚ್ಚರಗೊಳ್ಳುವುದು ಜಾಣತನ. ಅದಕ್ಕೆ ದೊಡ್ಡ ಯೋಜನೆಯೇನೂ ಬೇಕಾಗಿಲ್ಲ, ದಾರಿಬದಿಯಲ್ಲಿ ಬಿದ್ದ ಪುಟ್ಟ ಹೆಣವೊಂದು ಏಕೆ ಸತ್ತಿತೆಂದು ಕೇಳುವ ಅಭ್ಯಾಸದಿಂದ ಅದು ಆರಂಭವಾಗಬಹುದು.